ಹಕ್ಕಿಗಳ ಶಿಷ್ಯ, ಹಲವರ ಗುರು

ಗುರುವಿನ ಛಾಪು ಶಿಷ್ಯನ ಮೇಲೆ ಎಷ್ಟು ಬಿದ್ದಿದೆ ಎಂಬುದರಿಂದ ಗುರುವಿನ ಯೋಗ್ಯತೆಯನ್ನು ಅಳೆಯುವುದು ನಮ್ಮಲ್ಲಿ ರೂಢಿ. ಹಿಂದೂಸ್ತಾನಿಯಲ್ಲಿ ಘರಾಣೆ, ಕರ್ನಾಟಕ ಸಂಗೀತದಲ್ಲಿ ಬಾನಿ. ಶಿಷ್ಯ ಬಾಯಿ ತೆರೆದ ಕೂಡಲೇ ಇದು ಇಂಥವರ ಮನೆಯ ಹಾಡಿಕೆ ಎಂದು ರಸಿಕರು ಗುರುತಿಸಿದರೆ ಗುರು ಶಿಷ್ಯರಿಬ್ಬರೂ ಧನ್ಯರು. ಇದಕ್ಕೆ ತೀರಾ ತದ್ವಿರುದ್ಧವಾದ ಅಳತೆಗೋಲಿನಿಂದ ದೊಡ್ಡವನೆನಿಸಿಕೊಂಡ ಸಂಗೀತದ ಮೇಷ್ಟ್ರೊಬ್ಬ ಪ್ಯಾರಿಸ್ಸಿನಲ್ಲಿದ್ದ. 1941ರಿಂದ 1978ರವರೆಗೆ ಆತ ಅಲ್ಲಿನ ಸರ್ಕಾರಿ ಸಂಗೀತ ಶಾಲೆಯಾದ ಕಾನ್ಸರ್ವೇಟರಿಯಲ್ಲಿ ಪಾಠ ಹೇಳಿದ. ಪಿಯೆರ್ ಬುಲೆಜ್, ಕಾರ್ಲ್‌ಹೈನ್ಜ್ ಸ್ಟಾಕ್‌ಹೌಸನ್, ಯಾನಿಸ್ ಕ್ಸೆನಾಕಿಸ್, ಗೆರಾರ್ ಗ್ರಿಸೆ, ತ್ರಿಸ್ತಾನ್ ಮ್ಯುರೈ, ಜಾರ್ಜ್ ಬೆಂಜಮಿನ್ – ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಪಾಶ್ಚಾತ್ಯ ಸಂಗೀತದ ಚರಿತ್ರೆಯಲ್ಲಿ ಬಿಟ್ಟರೆ ಬಿಡದ ಈ ಹೆಸರುಗಳೆಲ್ಲ ಆತನ ಹಾಜರಿ ಪುಸ್ತಕದಲ್ಲಿದ್ದವು. ಒಬ್ಬನ ಸಂಗೀತ ಇನ್ನೊಬ್ಬನಂತಿಲ್ಲ. ಯಾರದೂ ಮೇಷ್ಟ್ರ ಸಂಗೀತದಂತಿಲ್ಲ. ಆತನ ಹೆಸರು ಒಲಿವಿಯೆ ಮೆಸಿಯಾನ್.

ಮೆಸಿಯಾನ್ ಹುಟ್ಟಿದ್ದು 1908ರ ಡಿಸೆಂಬರ್ 10ರಂದು, ದಕ್ಷಿಣ ಫ್ರಾನ್ಸಿನ ಅವಿನ್ಯೋನ್ ಪಟ್ಟಣದಲ್ಲಿ. ತಂದೆ ಪಿಯೆರ್ ಇಂಗ್ಲಿಷ್ ಅಧ್ಯಾಪಕ, ಷೇಕ್ಸ್‌ಪಿಯರನ ನಾಟಕಗಳನ್ನು ಫ್ರೆಂಚಿಗೆ ತಂದಾತ. ತಾಯಿ ಸೆಸಿಲ್ ಸೊವಾಜ್ ಕವಯಿತ್ರಿ. ಮಗು ಇನ್ನೂ ಹೊಟ್ಟೆಯಲ್ಲಿರುವಾಗಲೇ ಅದನ್ನು ಕುರಿತು ಆಕೆ ಒಂದು ಕವನಮಾಲೆ ಬರೆದಿದ್ದಳು. ಮೊದಲ ಮಹಾಯುದ್ಧದಲ್ಲಿ ತಂದೆ ರಣರಂಗಕ್ಕೆ ಹೋದಾಗ ತಾಯಿ ಮಕ್ಕಳೊಂದಿಗೆ ಗ್ರೆನೋಬಲ್‌ನ ತವರಿಗೆ ಬಂದಳು. ಅಲ್ಲಿ ಹುಡುಗ ಆಟಿಕೆಯ ರಂಗಮಂಚ ಕಟ್ಟಿ ತಮ್ಮನಿಗೆ ಷೇಕ್ಸ್‌ಪಿಯರ್ ನಾಟಕ ಆಡಿ ತೋರಿಸುತ್ತಿದ್ದ. ಪಿಯಾನೊವನ್ನು ಸ್ವಂತವಾಗಿ ಕಲಿಯಲು ತೊಡಗಿದ. ಹತ್ತನೆಯ ವಯಸ್ಸಿನಲ್ಲಿ ಊರಿನ ಮೇಷ್ಟ್ರೊಬ್ಬರು ದೆಬ್ಯುಸಿಯ ಒಪೆರಾ ಒಂದರ ಸ್ವರಲಿಪಿಯನ್ನು ಉಡುಗೊರೆಯಾಗಿ ಕೊಟ್ಟರು. ತನ್ನ ಬದುಕಿನ ದಿಕ್ಕು ನಿಶ್ಚಯವಾದದ್ದು ಆ ಪುಸ್ತಕದಿಂದಲೇ ಎಂದು ಮೆಸಿಯಾನ್ ಕೊನೆಯವರೆಗೂ ಹೇಳುತ್ತಿದ್ದ. ಮರುವರ್ಷ, 1919ರಲ್ಲಿ, ಕಾನ್ಸರ್ವೇಟರಿ ಸೇರಿದ.

ಅಲ್ಲಿ ಆತನಿಗೆ ಸಿಕ್ಕ ಗುರುಗಳೂ ಸಾಮಾನ್ಯರಲ್ಲ. ಮಾರ್ಸೆಲ್ ದ್ಯುಪ್ರೆ ಆರ್ಗನ್ ಕಲಿಸಿದರು. ಮೊರಿಸ್ ಎಮ್ಯಾನುಯೆಲ್ ಪ್ರಾಚೀನ ಗ್ರೀಕರ ಛಂದಸ್ಸನ್ನು ಪರಿಚಯಿಸಿದರು. ಸಂಗೀತ ರಚನೆಯ ಗುರು ಪಾಲ್ ದುಕಾ ಶಿಷ್ಯರಿಗೆ ಒಂದು ಮಾತು ಹೇಳುತ್ತಿದ್ದರಂತೆ: ಹಕ್ಕಿಗಳನ್ನು ಕೇಳಿ, ಅವೇ ದೊಡ್ಡ ಗುರುಗಳು. ತರಗತಿಯಲ್ಲಿ ಎಲ್ಲರೂ ಕೇಳಿಸಿಕೊಂಡಿರಬಹುದಾದ ಮಾತು. ಅಕ್ಷರಶಃ ಪಾಲಿಸಿದವನು ಒಬ್ಬನೇ. 1931ರಲ್ಲಿ, ಇನ್ನೂ ಇಪ್ಪತ್ತೆರಡು ವರ್ಷದ ಮೆಸಿಯಾನ್ ಪ್ಯಾರಿಸ್ಸಿನ ಟ್ರಿನಿಟಿ ಚರ್ಚಿನ ಆರ್ಗನ್ ವಾದಕನಾಗಿ ನೇಮಕಗೊಂಡ. ಸಾಯುವವರೆಗೆ, ಅಂದರೆ ಅರವತ್ತು ವರ್ಷ, ಆ ಸ್ಥಾನವನ್ನು ಬಿಡಲಿಲ್ಲ. ಜಗತ್ತಿನ ದೊಡ್ಡ ದೊಡ್ಡ ವಾದ್ಯವೃಂದಗಳು ಆತನ ಕೃತಿಗಳಿಗಾಗಿ ಕಾದು ನಿಂತ ಕಾಲದಲ್ಲೂ ಊರಿನಲ್ಲಿದ್ದರೆ ಭಾನುವಾರ ಬೆಳಗ್ಗೆ ಆತ ಇರುತ್ತಿದ್ದದ್ದು ಚರ್ಚಿನ ಅಟ್ಟದ ಮೇಲೆ.

ನಮ್ಮ ಓದುಗರಿಗೆ ವಿಶೇಷ ಕುತೂಹಲ ಹುಟ್ಟಿಸುವ ಸಂಗತಿ ಇಲ್ಲಿಂದ ಶುರುವಾಗುತ್ತದೆ. ತರುಣ ಮೆಸಿಯಾನ್‌ಗೆ ಫ್ರೆಂಚ್ ಸಂಗೀತ ವಿಶ್ವಕೋಶವೊಂದರಲ್ಲಿ ಭಾರತೀಯ ಸಂಗೀತ ಕುರಿತ ದೀರ್ಘ ಲೇಖನ ಕಣ್ಣಿಗೆ ಬಿತ್ತು. ಅದರಲ್ಲಿ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದಿಂದ ಎತ್ತಿಕೊಂಡ 120 ದೇಶೀ ತಾಳಗಳ ಪಟ್ಟಿ ಇತ್ತು. ಶಾರ್ಙ್ಗದೇವ ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಸ್ಥಾನದಲ್ಲಿದ್ದವನು. ಉತ್ತರ ಕರ್ನಾಟಕದ ಬಹುಭಾಗವನ್ನೂ ಆಳಿದ, ಕನ್ನಡದಲ್ಲಿ ಹೇರಳ ಶಾಸನಗಳನ್ನು ಬಿಟ್ಟುಹೋದ ಮನೆತನವದು. ಮುಂದೆ ಹದಿನೈದನೆಯ ಶತಮಾನದಲ್ಲಿ ಈ ಗ್ರಂಥಕ್ಕೆ ಪ್ರಸಿದ್ಧ ವ್ಯಾಖ್ಯಾನ ಬರೆದ ಕಲ್ಲಿನಾಥ ವಿಜಯನಗರದವನು. ಸೂಳಾದಿ ಸಪ್ತತಾಳಗಳು ಬಳಕೆಯಲ್ಲಿ ನೆಲೆನಿಂತ ಮೇಲೆ ನಮ್ಮ ಹಾಡುಗಾರರು ಬಹುಮಟ್ಟಿಗೆ ಗ್ರಂಥಕ್ಕೇ ಬಿಟ್ಟುಕೊಟ್ಟ ಈ ತಾಳಗಳು ಏಳು ಶತಮಾನದ ಬಳಿಕ ಪ್ಯಾರಿಸ್ಸಿನ ಕ್ಯಾಥೊಲಿಕ್ ತರುಣನೊಬ್ಬನ ಕೈಗೆ ಸಿಕ್ಕವು. ಸಂಸ್ಕೃತ ಬಾರದ ಆತ ಒಂದೊಂದು ತಾಳವನ್ನೂ ಬಿಡಿಸಿ, ಎಣಿಸಿ, ಮನನ ಮಾಡಿಕೊಂಡ.

ಆತನಿಗೆ ಅದರಲ್ಲಿ ಕಂಡದ್ದೇನು? ಪಾಶ್ಚಾತ್ಯ ಸಂಗೀತದಲ್ಲಿ ಕೆಲವು ಶತಮಾನಗಳಿಂದ ಲಯವೆಂದರೆ ಸಮಸಮನಾದ ಮನೆಗಳ ಸಾಲು. ನಾಲ್ಕೆಣಿಕೆಯೋ ಮೂರೆಣಿಕೆಯೋ ಕೊನೆತನಕ ಅದೇ ನಡೆ. ಶಾರ್ಙ್ಗದೇವನ ಪಟ್ಟಿಯಲ್ಲಾದರೋ ದ್ರುತ, ಲಘು, ಗುರು, ಪ್ಲುತಗಳನ್ನು ಬೇಕಾದಂತೆ ಕೂಡಿಸಿ ಕಟ್ಟಿದ ಲಯಗಳು. ಚಿಕ್ಕದೊಂದು ಮಾತ್ರೆಯನ್ನು ಹಿಡಿದು ಅದನ್ನು ಕೂಡಿಸುತ್ತ ಹೋಗುವ ಈ ಲೆಕ್ಕ ಆತನ ಸಂಗೀತದ ಬೆನ್ನೆಲುಬಾಯಿತು. ಪಟ್ಟಿಯಲ್ಲಿ ‘ಢೇಂಕಿ’ ಎಂಬ ತಾಳವಿದೆ: ಗುರು, ಲಘು, ಗುರು. ಶಾಲೆಯಲ್ಲಿ ಛಂದಸ್ಸು ಓದಿದವರಿಗೆ ಇದು ರಗಣವೆಂದು ಥಟ್ಟನೆ ಹೊಳೆದೀತು. ಹಿಂದಿನಿಂದ ಓದಿದರೂ ಇದು ಗುರು, ಲಘು, ಗುರುವೇ. ‘ಕುಬೇರನಿಗೇನಿರಬೇಕು’ ಎಂಬ ಮಾತನ್ನು ಮಕ್ಕಳು ಹಿಂದುಮುಂದಾಗಿ ಓದಿ ಖುಷಿಪಡುವಂತೆ ಮೆಸಿಯಾನ್ ಈ ಬಗೆಯ ಲಯಗಳ ಬೆನ್ನು ಹತ್ತಿದ. ತಿರುಗಿಸಲಾಗದ ಲಯಗಳು ಎಂದು ಅವುಗಳಿಗೆ ಹೆಸರಿಟ್ಟ. ಆತನಿಗೆ ಇದು ಬರೀ ಚಮತ್ಕಾರವಲ್ಲ. ಎತ್ತ ಓದಿದರೂ ಒಂದೇ ಆಗಿರುವ ಲಯದಲ್ಲಿ ಭೂತ ಭವಿಷ್ಯಗಳ ಭೇದ ಅಳಿಸಿಹೋಗುತ್ತದೆ, ಕಾಲ ನಿಂತಂತಾಗುತ್ತದೆ ಎಂಬುದು ಆತನ ನಂಬಿಕೆ. ಅಪ್ಪಟ ಕ್ಯಾಥೊಲಿಕ್ ಭಕ್ತನಾದ ಮೆಸಿಯಾನ್‌ಗೆ ಸಂಗೀತದಲ್ಲಿ ಬೇಕಾಗಿದ್ದದ್ದು ಅನಂತದ ಒಂದು ಇಣುಕುನೋಟ.

ಆ ನಂಬಿಕೆ ಒರೆಗೆ ಹತ್ತಿದ್ದು ಎರಡನೆಯ ಮಹಾಯುದ್ಧದಲ್ಲಿ. 1940ರ ಬೇಸಿಗೆಯಲ್ಲಿ ಸೈನಿಕ ಮೆಸಿಯಾನ್ ಜರ್ಮನರ ಕೈಗೆ ಸೆರೆಸಿಕ್ಕು ಗ್ಯೋರ್ಲಿಟ್ಸ್ ಪಟ್ಟಣದ ಯುದ್ಧಕೈದಿಗಳ ಶಿಬಿರ ಸೇರಿದ. ಸಂಗಡ ಮೂವರು ವಾದಕರಿದ್ದರು: ಕ್ಲಾರಿನೆಟ್‌ನ ಆಂರಿ ಅಕೋಕಾ, ಪಿಟೀಲಿನ ಜಾನ್ ಲ ಬುಲೇರ್, ಚೆಲ್ಲೊ ನುಡಿಸುವ ಎಟಿಯೆನ್ ಪಾಸ್ಕಿಯೆ. ಕೈದಿಗಳು ಚಂದಾ ಎತ್ತಿ ಊರಿನ ಅಂಗಡಿಯಿಂದ ಚೆಲ್ಲೊ ಕೊಂಡರು. ಸಂಗೀತಪ್ರೇಮಿಯಾದ ಜರ್ಮನ್ ಅಧಿಕಾರಿಯೊಬ್ಬ ಕಾಗದ, ಪೆನ್ಸಿಲ್ ಒದಗಿಸಿದ. ಈ ನಾಲ್ಕು ವಾದ್ಯಗಳಿಗೆಂದು ಮೆಸಿಯಾನ್ ಬರೆದ ಎಂಟು ಭಾಗಗಳ ಕೃತಿಯೇ ‘ಕಾಲದ ಕೊನೆಗೊಂದು ಚತುರ್ವಾದ್ಯ’. 1941ರ ಜನವರಿ 15ರಂದು, ಮೈ ಕೊರೆಯುವ ಚಳಿಯಲ್ಲಿ, ಶಿಬಿರದ 27ನೆಯ ಬ್ಯಾರಕ್ಕಿನಲ್ಲಿ ಅದರ ಮೊದಲ ಕಛೇರಿ. ಮುಂದಿನ ಸಾಲಿನಲ್ಲಿ ಜರ್ಮನ್ ಅಧಿಕಾರಿಗಳು, ಹಿಂದೆ ಕೈದಿಗಳು.

ಈ ಕಛೇರಿ ದಂತಕಥೆಯಾಗಿಬಿಟ್ಟಿದೆ. ಕೇಳುಗರು ಐದು ಸಾವಿರ ಮಂದಿ, ಚೆಲ್ಲೊಗೆ ಮೂರೇ ತಂತಿ ಎಂದು ಮೆಸಿಯಾನ್ ಮುಂದೆ ಹೇಳಿಕೊಂಡದ್ದುಂಟು. ಸ್ವತಃ ಚೆಲ್ಲೊ ನುಡಿಸಿದ ಪಾಸ್ಕಿಯೆ ನಾಲ್ಕು ತಂತಿಗಳೂ ಇದ್ದವೆಂದು ನಗುತ್ತಲೇ ತಿದ್ದಿದ. ಬ್ಯಾರಕ್ಕಿನಲ್ಲಿ ಹಿಡಿಸುತ್ತಿದ್ದದ್ದು ಕೆಲವು ನೂರು ಜನ. ಆದರೆ ಕೃತಿಯ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ಮೊದಲ ಭಾಗದಲ್ಲಿ ಪಿಯಾನೊ ಮೂರು ದೇಶೀ ತಾಳಗಳನ್ನು – ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ – ಪೋಣಿಸಿದ ಹದಿನೇಳು ಎಣಿಕೆಗಳ ಸರವನ್ನು ಮತ್ತೆ ಮತ್ತೆ ನುಡಿಸುತ್ತದೆ. (ಲಕ್ಷ್ಮೀಶ ಎಂದಾಗ ಕನ್ನಡಿಗರಿಗೆ ಜೈಮಿನಿ ಭಾರತ ನೆನಪಾದೀತು, ಇದು ಬರೀ ತಾಳದ ಹೆಸರು.) ಅದರ ಮೇಲೆ ಹೊಂದಿಸಿದ ಸ್ವರಗುಚ್ಛಗಳ ಸರದಲ್ಲಿ ಇಪ್ಪತ್ತೊಂಬತ್ತು ಮಣಿ. ಹದಿನೇಳು, ಇಪ್ಪತ್ತೊಂಬತ್ತು, ಎರಡೂ ಅವಿಭಾಜ್ಯ ಸಂಖ್ಯೆಗಳು. ಎರಡು ಸರಗಳ ತುದಿ ಮತ್ತೆ ಒಂದೆಡೆ ಸೇರಬೇಕಾದರೆ 493 ಹೆಜ್ಜೆ ನಡೆಯಬೇಕು. ಅಷ್ಟರೊಳಗೆ ಸಂಗೀತ ನಿಂತುಬಿಡುತ್ತದೆ. ನಮ್ಮ ಮೃದಂಗ ವಿದ್ವಾಂಸ ಎಷ್ಟೇ ಲೆಕ್ಕ ಹಾಕಿ ಸುತ್ತಿದರೂ ಕೊನೆಗೆ ಸಮಕ್ಕೆ ಬಂದು ಇಳಿಯುತ್ತಾನೆ, ಸಭೆ ಚಪ್ಪಾಳೆ ತಟ್ಟುತ್ತದೆ. ಇಲ್ಲಿ ಸಮ ಬರುವುದೇ ಇಲ್ಲ. ಬಿಡುಗಡೆಯ ದಿನ ತಿಳಿಯದ ಕೈದಿಗಳ ಮುಂದೆ ಕೈದಿಗಳು ನುಡಿಸಿದ ಸಂಗೀತದಲ್ಲಿ ಈ ಲೆಕ್ಕಕ್ಕೆ ಬರುವ ಅರ್ಥವೇ ಬೇರೆ.

1941ರಲ್ಲೇ ಮೆಸಿಯಾನ್‌ಗೆ ಬಿಡುಗಡೆಯಾಯಿತು. ಅದೇ ವರ್ಷ ಕಾನ್ಸರ್ವೇಟರಿಯಲ್ಲಿ ಸ್ವರಮೇಳ ಶಾಸ್ತ್ರದ ಅಧ್ಯಾಪಕನಾದ. ಆ ಕಾಲ ಎಂಥದೆಂಬುದನ್ನೂ ಮರೆಯಬಾರದು. ವಿಷಿ ಸರ್ಕಾರದ ಕಾನೂನಿನಂತೆ ಅದೇ ಶಾಲೆಯಿಂದ ಯೆಹೂದಿ ಅಧ್ಯಾಪಕರನ್ನು ಹೊರಹಾಕಲಾಗಿತ್ತು. ಪಿಯಾನೊದ ದೊಡ್ಡ ಗುರು ಲಜಾರ್ ಲೆವಿ ಅವರಲ್ಲೊಬ್ಬರು. ಶಿಬಿರದ ಗೆಳೆಯ ಅಕೋಕಾ ಯೆಹೂದಿಯಾದ್ದರಿಂದ ಸುಲಭವಾಗಿ ಬಿಡುಗಡೆ ಕಾಣದೆ, ಕೊನೆಗೆ ಚಲಿಸುವ ರೈಲಿನಿಂದ ಧುಮುಕಿ ಪಾರಾದ. ಮೆಸಿಯಾನ್‌ನ ಬೋಧಕ ಜೀವನ ಆರಂಭವಾದದ್ದು ಹೀಗೆ ಕೆಲವರ ಕುರ್ಚಿಗಳು ಬಲವಂತವಾಗಿ ಖಾಲಿಯಾದ ಕಟ್ಟಡದಲ್ಲಿ.

ಮೊದಲ ದಿನದ ತರಗತಿಯ ಚಿತ್ರವನ್ನು ವಿದ್ಯಾರ್ಥಿನಿಯಾಗಿದ್ದ ಇವೊನ್ ಲೊರಿಯೊ ನೆನಪಿಸಿಕೊಂಡಿದ್ದಾಳೆ. ಸೆರೆಯ ಚಳಿಗೆ ಬೆರಳು ಬಾತುಕೊಂಡಿದ್ದ ಮೇಷ್ಟ್ರು ಒಳಬಂದು, ಜೇಬಿನಿಂದ ದೆಬ್ಯುಸಿಯ ಪುಟ್ಟ ಸ್ವರಲಿಪಿ ತೆಗೆದು, ಪಿಯಾನೊ ಮುಂದೆ ಕೂತು ಇಡೀ ವಾದ್ಯವೃಂದದ ಕೃತಿಯನ್ನು ನುಡಿಸತೊಡಗಿದ. ಹುಡುಗರು ಬೆರಗಾಗಿ ಕೂತರು. ನಿಯಮ ಹೇಳಿ ಉದಾಹರಣೆ ಕೊಡುವ ಪಾಠ ಅಲ್ಲಿಗೆ ಮುಗಿಯಿತು. ಮುಂದಿನ ವರ್ಷಗಳಲ್ಲಿ ಆ ಕೋಣೆಯಲ್ಲಿ ಗ್ರೀಕ್ ಛಂದಸ್ಸು, ಚರ್ಚಿನ ಪುರಾತನ ಗಾನ, ಮೊಜಾರ್ಟನ ಪಿಯಾನೊ ಕೃತಿಗಳು, ಸ್ಟ್ರಾವಿನ್‌ಸ್ಕಿಯ ಲಯ, ಬಾಲಿ ದ್ವೀಪದ ಗ್ಯಾಮೆಲಾನ್, ಶಾರ್ಙ್ಗದೇವನ ತಾಳ, ಎಲ್ಲಕ್ಕೂ ಒಂದೇ ಮಣೆ. ಶಾಲೆಯ ಹಿರಿಯರಿಗೆ ಇದು ಅಷ್ಟಾಗಿ ಸೇರಲಿಲ್ಲ. 1947ರಲ್ಲಿ ಆತನಿಗಾಗಿ ವಿಶ್ಲೇಷಣೆಯ ತರಗತಿಯೊಂದನ್ನು ತೆರೆದುಕೊಟ್ಟರೇ ಹೊರತು ರಚನೆಯ ಪ್ರಾಧ್ಯಾಪಕ ಎಂಬ ಪದವಿ ಕೊಟ್ಟದ್ದು 1966ರಲ್ಲಿ. ಅಷ್ಟು ಹೊತ್ತಿಗೆ ಆತನ ಶಿಷ್ಯರಲ್ಲಿ ಹಲವರು ಜಗತ್ಪ್ರಸಿದ್ಧರಾಗಿದ್ದರು.

1950ರ ದಶಕದ ಆರಂಭದಲ್ಲಿ ಮೂವತ್ತರ ಅಂಚಿನ ಗ್ರೀಕ್ ನಿರಾಶ್ರಿತನೊಬ್ಬ ಆತನ ಬಳಿ ಬಂದ. ಹೆಸರು ಯಾನಿಸ್ ಕ್ಸೆನಾಕಿಸ್. ಅಥೆನ್ಸಿನ ಬೀದಿ ಕಾಳಗದಲ್ಲಿ ಶೆಲ್ ಬಡಿದು ಒಂದು ಕಣ್ಣು ಕಳೆದುಕೊಂಡು, ದೇಶಬಿಟ್ಟು ಬಂದು, ಚಂಡೀಗಢವನ್ನು ರೂಪಿಸಿದ ಅದೇ ಲ ಕಾರ್ಬ್ಯುಸಿಯೆಯ ಕಚೇರಿಯಲ್ಲಿ ಎಂಜಿನಿಯರ್ ಆಗಿದ್ದ. ಸಂಗೀತ ಕಲಿಯುವ ಹಂಬಲ. ಆದರೆ ಸ್ವರಮೇಳದ ಮೊದಲ ಪಾಠಗಳೂ ಸರಿಯಾಗಿ ಆಗಿರಲಿಲ್ಲ. ಬೇರೆ ಗುರುಗಳ ಬಳಿ ಆತನಿಗೆ ದಕ್ಕಿದ್ದು ನಿರಾಸೆ. ಮತ್ತೆ ಒಂದರಿಂದ ಎಲ್ಲ ಕಲಿಯಬೇಕೇ ಎಂದು ಕೇಳಿದಾಗ ಮೆಸಿಯಾನ್ ಕೊಟ್ಟ ಉತ್ತರದ ತಾತ್ಪರ್ಯ ಇದು: ಬೇಡ. ನೀನು ಗ್ರೀಕ್, ನಿನಗೆ ಗಣಿತ ಗೊತ್ತು, ಕಟ್ಟಡ ಕಟ್ಟುವುದು ಗೊತ್ತು. ಅದನ್ನೇ ಸಂಗೀತದಲ್ಲಿ ಮಾಡು. ಕ್ಸೆನಾಕಿಸ್ ಹಾಗೇ ಮಾಡಿದ. 1955ರಲ್ಲಿ ಜರ್ಮನಿಯಲ್ಲಿ ಕೇಳಿಬಂದ ಆತನ ‘ಮೆಟಾಸ್ಟಾಸಿಸ್’ ಕೃತಿಯಲ್ಲಿ ತಂತಿವಾದ್ಯಗಳ ಜಾರುಸ್ವರಗಳು ಎಂಜಿನಿಯರನ ರೇಖಾಚಿತ್ರದಂತೆ ಒಂದರ ಮೇಲೊಂದು ಹಾಯುತ್ತವೆ. ಸೇರಿಸಿಕೊಂಡು ಹಳೆಯ ಪಾಠ ಹೇಳಿದ್ದರೆ ಜಗತ್ತಿಗೆ ಒಬ್ಬ ಸಾಧಾರಣ ರಚನಕಾರ ಸಿಗುತ್ತಿದ್ದನೇನೋ.

ಎಲ್ಲ ಶಿಷ್ಯರೂ ವಿನಯದಿಂದಿರಲಿಲ್ಲ. 1944ರಲ್ಲಿ ತರಗತಿಗೆ ಬಂದ ಬುಲೆಜ್ ಮಹಾ ಕೋಪಿಷ್ಠ. ಗುರುವಿನ ಪ್ರೇಮಸಂಗೀತ ಆತನಿಗೆ ಅತಿ ಸಿಹಿ ಅನ್ನಿಸಿತು. ಬರೆಯಲು ಸಂಕೋಚವಾಗುವಂಥ ಮಾತಿನಲ್ಲಿ ಅದನ್ನು ಹೀಗಳೆದ. ಗುರು ಮನಸ್ಸಿನಲ್ಲಿ ನೊಂದಿರಬೇಕು, ಹಗೆ ಸಾಧಿಸಲಿಲ್ಲ. ಕಾಲಕ್ರಮದಲ್ಲಿ ಬುಲೆಜ್ ತಾನೇ ನಡೆಸುತ್ತಿದ್ದ ಕಛೇರಿ ಸರಣಿಗೆ ಗುರುವಿನಿಂದ ಹೊಸ ಕೃತಿ ಕೇಳಿ ಪಡೆದ. 1963ರಲ್ಲಿ ಮೆಸಿಯಾನ್‌ನ ಜಪಾನ್ ಪ್ರವಾಸದ ಕೃತಿಯನ್ನು ಮೊದಲ ಬಾರಿಗೆ ತಾನೇ ನಿರ್ದೇಶಿಸಿದ. ಇತ್ತ 1949ರಲ್ಲಿ ಮೆಸಿಯಾನ್ ಬರೆದ ಒಂದು ಚಿಕ್ಕ ಪಿಯಾನೊ ರಚನೆ – ಪ್ರತಿ ಸ್ವರಕ್ಕೂ ಅದರದೇ ಅವಧಿ, ಅದರದೇ ಗಟ್ಟಿತನ ಎಂದು ಗೊತ್ತುಮಾಡಿದ್ದು – ಸ್ಟಾಕ್‌ಹೌಸನ್‌ನ ಪೀಳಿಗೆಗೆ ಮಂತ್ರದಂತೆ ಹಿಡಿಯಿತು. ಯುವಕರು ಆ ದಾರಿಯಲ್ಲಿ ಓಡಿದರು. ಆದರೆ ದಾರಿ ತೋರಿಸಿದವನೇ ಅದರಲ್ಲಿ ಬಹಳ ದೂರ ಹೋಗಲಿಲ್ಲ. ಆತ ಕಾಡಿನ ಕಡೆ ತಿರುಗಿದ್ದ.

ಆ ತಿರುವಿನ ಹಿಂದೆ ಮನೆಯ ದುಃಖವೂ ಇತ್ತು. 1932ರಲ್ಲಿ ಆತ ಮದುವೆಯಾದ ಕ್ಲೇರ್ ದೆಲ್ಬೊ ಪಿಟೀಲು ವಾದಕಿ, ಸ್ವತಃ ರಚನಕಾರ್ತಿ. ಯುದ್ಧ ಮುಗಿಯುವ ಹೊತ್ತಿಗೆ ನಡೆದ ಒಂದು ಶಸ್ತ್ರಚಿಕಿತ್ಸೆಯ ಬಳಿಕ ಆಕೆಯ ನೆನಪಿನ ಶಕ್ತಿ ಕುಂದತೊಡಗಿತು. ಉಳಿದ ಆಯುಷ್ಯವೆಲ್ಲ ಆರೈಕೆಯ ಮನೆಗಳಲ್ಲೇ ಕಳೆಯಿತು, 1959ರಲ್ಲಿ ತೀರಿಕೊಂಡಳು. ಮಗನನ್ನು ಬೆಳೆಸುವ ಹೊಣೆ ಮೆಸಿಯಾನ್‌ನ ಮೇಲೆಯೇ ಬಿತ್ತು. ಆತನ ಅತ್ಯಂತ ಪ್ರಸಿದ್ಧ ಕೃತಿ, ಬಾಸ್ಟನ್ನಿನಲ್ಲಿ 1949ರ ಡಿಸೆಂಬರ್ 2ರಂದು ಲೆನರ್ಡ್ ಬರ್ನ್‌ಸ್ಟೈನ್ ನಿರ್ದೇಶನದಲ್ಲಿ ಮೊದಲು ಕೇಳಿಬಂದ ‘ತುರಂಗಲೀಲಾ’, ಈ ವರ್ಷಗಳದೇ. ಹತ್ತು ಭಾಗಗಳ, ಗಂಟೆಗೂ ಮೀರಿದ ಈ ಮಹಾಕೃತಿಗೆ ಹೆಸರು ಸಿಕ್ಕಿದ್ದೂ ಶಾರ್ಙ್ಗದೇವನ ಪಟ್ಟಿಯಿಂದ. ಓಡುವ ಕುದುರೆಯಂಥ ಕಾಲ, ಸೃಷ್ಟಿಲಯಗಳ ಲೀಲೆ ಎಂದು ಆತ ಅರ್ಥ ಹೇಳುತ್ತಿದ್ದ. ಪಿಯಾನೊ ನುಡಿಸಿದವಳು ಲೊರಿಯೊ. ಹೆಂಡತಿ ಬದುಕಿರುವವರೆಗೆ ವಿಚ್ಛೇದನದ ಮಾತೆತ್ತದ ಭಕ್ತ 1961ರಲ್ಲಿ ಲೊರಿಯೊಳನ್ನು ವರಿಸಿದ. ಎರಡು ದಶಕಗಳಿಂದ ಆತನ ಪಿಯಾನೊ ಸಂಗೀತವೆಲ್ಲ ಹುಟ್ಟಿದ್ದು ಆಕೆಯ ಬೆರಳುಗಳನ್ನು ಕಣ್ಣ ಮುಂದಿಟ್ಟುಕೊಂಡೇ.

1952ರಿಂದ ಹಕ್ಕಿಗಳ ಅಧ್ಯಯನ ಶಿಸ್ತಿನ ಕೆಲಸವಾಯಿತು. ನೈಋತ್ಯ ಫ್ರಾನ್ಸಿನ ಪಕ್ಷಿತಜ್ಞ ಜಾಕ್ ದೆಲಮೇನ್ ಅವರ ಬಳಿ ಆತ ವಿದ್ಯಾರ್ಥಿಯಂತೆ ಹೋಗಿ ಕಿವಿಯಿಂದಲೇ ಹಕ್ಕಿ ಗುರುತಿಸುವುದನ್ನು ಕಲಿತ. ಆಗ ಆತನ ವಯಸ್ಸು ನಲವತ್ತಮೂರು ದಾಟಿತ್ತು, ಯುರೋಪಿನಾದ್ಯಂತ ಹೆಸರಿತ್ತು. ತಲೆಗೆ ಟೋಪಿ, ಕೊರಳಿಗೆ ಮಫ್ಲರ್, ಕೈಯಲ್ಲಿ ಸ್ವರಲಿಪಿಯ ಪುಸ್ತಕ – ಹೀಗೆ ನಸುಕಿಗೆ ಮೊದಲೇ ಪೊದೆಗಳ ನಡುವೆ ಕೂತು ಬರೆಯುತ್ತಿದ್ದ. ಹಕ್ಕಿಯ ಹಾಡು ಮನುಷ್ಯನ ವಾದ್ಯಕ್ಕೆ ಎಟುಕದಷ್ಟು ತಾರಸ್ಥಾಯಿಯದು, ವೇಗದ್ದು. ಅದರ ಸ್ವರಗಳ ನಡುವಿನ ಅಂತರ ಶ್ರುತಿಗಿಂತಲೂ ಸೂಕ್ಷ್ಮ. ಆದ್ದರಿಂದ ಆತ ಸ್ಥಾಯಿ ಇಳಿಸಿ, ವೇಗ ತಗ್ಗಿಸಿ, ಅಂತರಗಳನ್ನು ಅದೇ ಪ್ರಮಾಣದಲ್ಲಿ ಹಿಗ್ಗಿಸುತ್ತಿದ್ದ. ಕಂಠದ ಬಣ್ಣ ತರಲು ಒಂದೊಂದು ಸ್ವರಕ್ಕೂ ಬೇರೆ ಬೇರೆ ಸ್ವರಗುಚ್ಛ ಕಟ್ಟುತ್ತಿದ್ದ. 1956ರ ‘ಪರದೇಶದ ಹಕ್ಕಿಗಳು’ ಕೃತಿ ಆರಂಭವಾಗುವುದೇ ಭಾರತದ ಬೆಟ್ಟದ ಮೈನಾದ ಕೂಗಿನಿಂದ; ಹಿನ್ನೆಲೆಯ ತಾಳವಾದ್ಯಗಳಲ್ಲಿ ಮತ್ತೆ ದೇಶೀ ತಾಳಗಳು. 1958ರಲ್ಲಿ ಮುಗಿದ ‘ಹಕ್ಕಿಗಳ ಪಟ್ಟಿ’ ಎಂಬ ಪಿಯಾನೊ ಕೃತಿಯಲ್ಲಿ ಹದಿಮೂರು ಭಾಗಗಳು. ಒಂದೊಂದರಲ್ಲೂ ಒಂದು ಊರು, ಅಲ್ಲಿನ ಬೆಳಕು, ನೀರು, ಬಂಡೆ, ಗಂಟೆಗಂಟೆಗೂ ಬದಲಾಗುವ ಹಕ್ಕಿಗಳ ಸದ್ದು.

ಆಕ್ಷೇಪಗಳು ಇಲ್ಲದಿಲ್ಲ. ಸ್ವರಲಿಪಿಯ ಮೇಲೆ ಹೆಸರು ಬರೆಯದಿದ್ದರೆ ಇದು ಯಾವ ಹಕ್ಕಿಯೆಂದು ಹೇಳುವುದು ಕಷ್ಟ ಎನ್ನುವವರಿದ್ದಾರೆ. ಭಾರತೀಯ ತಾಳಗಳ ಬಗೆಗಿನ ಆಕ್ಷೇಪ ಇನ್ನೂ ಗಂಭೀರ. ಆತ ತೆಗೆದುಕೊಂಡದ್ದು ಗ್ರಂಥದ ಲೆಕ್ಕವನ್ನು, ಹಾಡುವವನ ಕೈಯಲ್ಲಿ ಸುತ್ತಿ ಸುತ್ತಿ ಬರುವ ತಾಳದ ಆವರ್ತವನ್ನಲ್ಲ. ಕೈಯಲ್ಲಿ ತಾಳ ಹಾಕುತ್ತ ‘ತುರಂಗಲೀಲಾ’ ಕೇಳಲು ಹೊರಟ ಕರ್ನಾಟಕ ಸಂಗೀತದ ರಸಿಕ ಎರಡೇ ನಿಮಿಷದಲ್ಲಿ ಕೈಚೆಲ್ಲುತ್ತಾನೆ. ಈ ಮಾತು ನಿಜ. ಆದರೆ ಮೆಸಿಯಾನ್ ಭಾರತೀಯ ಸಂಗೀತ ಬರೆಯುತ್ತಿದ್ದೇನೆಂದು ಹೊರಟವನಲ್ಲ. ಎರವಲು ತಂದದ್ದನ್ನು ಯಾರಿಂದ ತಂದದ್ದೆಂದು ಹೆಸರು ಹಿಡಿದು ಹೇಳಿದ. ತಾಳಗಳ ಸಂಸ್ಕೃತ ಹೆಸರುಗಳನ್ನು ತನ್ನ ಸ್ವರಲಿಪಿಗಳಲ್ಲಿ ಬರೆದ. ತರಗತಿಯಲ್ಲಿ ಶಾರ್ಙ್ಗದೇವನನ್ನು ಮೊಜಾರ್ಟನ ಸಮಕ್ಕೆ ಕೂರಿಸಿ ಪಾಠ ಹೇಳಿದ. ಪೂರ್ವದ ಸಂಗೀತವನ್ನು ಪ್ರವಾಸಿಯ ಕುತೂಹಲದಿಂದ ನೋಡುತ್ತಿದ್ದವರ ನಡುವೆ ಅದನ್ನು ಶಾಸ್ತ್ರವೆಂದು ಓದಿದವರು ವಿರಳ.

1978ರಲ್ಲಿ ನಿವೃತ್ತನಾದ ಮೇಲೂ ಪಾಠ ಪೂರಾ ನಿಲ್ಲಲಿಲ್ಲ. ಚೀನಾದಿಂದ ಬಂದ ಚೆನ್ ಚಿಗಾಂಗ್ ಎಂಬ ತರುಣನಿಗೆ 1980ರ ದಶಕದಲ್ಲಿ ಖಾಸಗಿಯಾಗಿ ಕಲಿಸಿದ. ಆತನೇ ಮುಂದೆ 2008ರ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯ ಸಂಗೀತ ನಿರ್ದೇಶಕ. ಈ ನಡುವೆ ಮೆಸಿಯಾನ್ ಎಂಟು ವರ್ಷ ದುಡಿದು ತನ್ನ ಏಕೈಕ ಒಪೆರಾ ಬರೆದ. ಹಕ್ಕಿಗಳಿಗೆ ಉಪದೇಶ ಮಾಡಿದ ಸಂತ ಫ್ರಾನ್ಸಿಸ್‌ನ ಕಥೆ ಅದರ ವಸ್ತು. 1983ರ ನವೆಂಬರ್ 28ರಂದು ಪ್ಯಾರಿಸ್ ಒಪೆರಾದಲ್ಲಿ ಸೈಜಿ ಒಜಾವಾ ನಿರ್ದೇಶನದಲ್ಲಿ ಅದು ರಂಗಕ್ಕೆ ಬಂತು. ಅದರಲ್ಲಿ ಹಾಡುವ ಒಂದು ಹಕ್ಕಿಗಾಗಿ ಮೆಸಿಯಾನ್ ಶಾಂತಸಾಗರದ ನ್ಯೂ ಕ್ಯಾಲಡೋನಿಯಾ ದ್ವೀಪದವರೆಗೂ ಹೋಗಿ ಬಂದಿದ್ದ.

1992ರ ಏಪ್ರಿಲ್ 27ರಂದು ಮೆಸಿಯಾನ್ ತೀರಿಕೊಂಡ. ಬರೆದು ಮುಗಿಸಿದ್ದರೂ ಕಿವಿಯಾರೆ ಕೇಳಲಾಗದೆ ಹೋದ ಕೊನೆಯ ದೊಡ್ಡ ಕೃತಿ ಅದೇ ವರ್ಷದ ನವೆಂಬರ್ 5ರಂದು ನ್ಯೂಯಾರ್ಕಿನಲ್ಲಿ ಪ್ರದರ್ಶನ ಕಂಡಿತು. ವಾದ್ಯವೃಂದದ ಮುಂದೆ ನಿಂತಿದ್ದವನು ಮುಂಬಯಿಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ. ಗಂಡ ಬಿಟ್ಟುಹೋದ ಪಾಠದ ಟಿಪ್ಪಣಿಗಳ ರಾಶಿಯನ್ನು ಲೊರಿಯೊ ಒಪ್ಪ ಮಾಡಿ 1994ರಿಂದ 2002ರ ನಡುವೆ ಲಯ, ವರ್ಣ ಮತ್ತು ಪಕ್ಷಿಶಾಸ್ತ್ರಗಳ ಏಳು ಸಂಪುಟಗಳನ್ನಾಗಿ ಹೊರತಂದಳು; 2010ರಲ್ಲಿ ಆಕೆಯೂ ತೀರಿಕೊಂಡಳು. ಆ ಸಂಪುಟಗಳಲ್ಲಿ ಮೊದಲನೆಯದನ್ನು ತೆರೆದರೆ ಶಾರ್ಙ್ಗದೇವನ ತಾಳಗಳು ವಿವರಣೆಯೊಂದಿಗೆ ಸಾಲಾಗಿ ಕೂತಿವೆ. ಪ್ಯಾರಿಸ್ಸಿನ ಸಂಗೀತ ವಿದ್ಯಾರ್ಥಿ ಇಂದು ರಾಗವರ್ಧನದ ಮಾತ್ರೆಗಳನ್ನು ಅಲ್ಲಿ ಎಣಿಸುತ್ತಾನೆ. ನಮ್ಮ ಸಂಗೀತ ಕಾಲೇಜುಗಳ ಹುಡುಗರಲ್ಲಿ ಎಷ್ಟು ಮಂದಿ ಪರೀಕ್ಷೆಯ ಆಚೆಗೆ ಆ ಹೆಸರನ್ನು ನೆನಪಿಟ್ಟುಕೊಂಡಾರು ಎಂಬುದನ್ನು ನಾವು ನಾವೇ ಕೇಳಿಕೊಳ್ಳಬೇಕು.